ಗೇಟಿನ ಕಣ್ಣಿಗೆ ಹಚ್ಚಿದ ವಿಭೂತಿ

ಇದನ್ನು ಬರೆಯಲು ಕೂತದ್ದು ಇದು ನಾಲ್ಕನೆಯ ಸಲ. ಮೊದಲ ಸಲ ಸವದತ್ತಿಯಿಂದ ಕರೆ ಬಂತೆಂದು ಎದ್ದು ಹೋದೆ. ಎರಡನೆಯ ಸಲ ಕನ್ನಡಕ ಸರಿಯಿಲ್ಲವೆಂದು ಬಿಟ್ಟೆ. ಮೂರನೆಯ ಸಲ ಯಾವ ಕಾರಣವೂ ಇರಲಿಲ್ಲ. ಒಂದು ಸಾಲು ಬರೆದು, ಹಾಳೆ ಮಡಿಸಿ, ಪಾನಾ, ಸ್ಕ್ರೂಡ್ರೈವರ್ ಇಡುವ ಡಬ್ಬಿಯಲ್ಲಿ ಹಾಕಿಬಿಟ್ಟೆ. ಕೆಟ್ಟ ಗೇಟನ್ನು ನಾಳೆ ನೋಡೋಣವೆಂದು ನಾನು ಬಿಡುವುದು ಅಪರೂಪ. ಈ ಮಾತನ್ನು ಮಾತ್ರ ಎರಡು ವರ್ಷ ಬಿಟ್ಟಿದ್ದೇನೆ.

ತಾವಾಗಿಯೇ ತೆರೆದು ಮುಚ್ಚುವ ಗೇಟುಗಳ ಮೋಟರ್ ರಿಪೇರಿ ನನ್ನ ಕೆಲಸ. ಮನೆ ಬೈಲಹೊಂಗಲದಲ್ಲಿ. ಇಲ್ಲಿಂದ ಕಿತ್ತೂರು, ಸವದತ್ತಿ, ರಾಮದುರ್ಗದವರೆಗೆ ಅಂಥ ಗೇಟು ಕೆಟ್ಟರೆ ಇಂದಿಗೂ ಮೊದಲ ಕರೆ ನನಗೇ ಬರುತ್ತದೆ. ಓದಿದ್ದು ಹತ್ತನೆಯ ಇಯತ್ತೆ. ಬೋರ್ಡಿನ ಮೇಲಿನ ಅಕ್ಷರ ಓದಲು ಅಷ್ಟು ಸಾಕಾಗಿದೆ. ಉಳಿದದ್ದನ್ನು ಮೋಟರಿನ ಸಪ್ಪಳವೇ ಹೇಳುತ್ತದೆ. ಹಲ್ಲು ಸವೆದದ್ದೋ, ಗಾಲಿಯ ಬೇರಿಂಗ್ ಹೋದದ್ದೋ, ಕೆಪಾಸಿಟರ್ ಸತ್ತದ್ದೋ ಎಂಬುದನ್ನು ಗೇಟಿನ ಹೊರಗೆ ನಿಂತೇ ಹೇಳಬಲ್ಲೆ. ನನ್ನ ಕಿವಿಯ ಮೇಲಿನ ಈ ಭರವಸೆ ಇವತ್ತಿಗೂ ಕಡಿಮೆಯಾಗಿಲ್ಲ. ಅಂದು ಕೆಟ್ಟದ್ದು ಕಿವಿಯಲ್ಲ.

ಓದುವವರಿಗೆ ಈ ಯಂತ್ರ ಗೊತ್ತಿರಬೇಕೆಂದಿಲ್ಲ. ಹಳಿಯ ಮೇಲೆ ಗಾಲಿಗಳಿಂದ ಪಕ್ಕಕ್ಕೆ ಸರಿಯುವ ಗೇಟು, ಅದರ ಕೆಳಗಿನ ಅಂಚಿಗೆ ಉದ್ದಕ್ಕೂ ಒಂದು ಹಲ್ಲುಪಟ್ಟಿ. ಮೋಟರಿನ ಹಲ್ಲುಗಾಲಿ ತಿರುಗಿದರೆ ಪಟ್ಟಿ ಸರಿಯುತ್ತದೆ, ಪಟ್ಟಿಯ ಜೊತೆ ಗೇಟು. ರಿಮೋಟ್ ಒತ್ತಿದರೆ ತೆರೆದು, ಅರ್ಧ ನಿಮಿಷ ಕಾದು, ತಾನೇ ಮುಚ್ಚಿಕೊಳ್ಳುತ್ತದೆ. ಯಾರಿಗೂ ಬಡಿಯದಂತೆ ಎರಡು ಕಾವಲು ಇರುತ್ತವೆ. ಮೊದಲನೆಯದು ಕಣ್ಣು. ಎರಡೂ ಕಂಬಗಳಿಗೆ ಮೊಣಕಾಲೆತ್ತರದಲ್ಲಿ ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ ಕೂರಿಸಿರುತ್ತೇವೆ. ಒಂದು ಕಾಣದ ಬೆಳಕು ಬಿಡುತ್ತದೆ, ಎದುರಿನದು ಹಿಡಿಯುತ್ತದೆ. ನಡುವೆ ಮನುಷ್ಯನೋ ನಾಯಿಯೋ ಬಂದು ಬೆಳಕು ಕಡಿದರೆ ಗೇಟು ಮುಚ್ಚುವುದಿಲ್ಲ. ಎರಡನೆಯದು ಜೋರಿನ ಮಿತಿ. ಮುಚ್ಚುವಾಗ ಏನಾದರೂ ಅಡ್ಡ ಸಿಕ್ಕು ಮೋಟರಿಗೆ ಭಾರವಾದರೆ ಗೇಟು ಹಿಂದೆ ಸರಿಯುತ್ತದೆ. ಎಷ್ಟು ಭಾರಕ್ಕೆ ಸರಿಯಬೇಕೆಂಬುದಕ್ಕೆ ಬೋರ್ಡಿನ ಮೇಲೆ ಒಂದು ಸಣ್ಣ ತಿರುಪು ಇದೆ.

ಆ ವರ್ಷ ಗಣಪತಿ ಕಳಿಸಿದ ಮೇಲೂ ಮಳೆ ಬಿಡಲಿಲ್ಲ. ಬೈಲಹೊಂಗಲದ ಸುತ್ತ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಉಬ್ಬಿದ ನೆಲ ಹಳಿಯ ಕಾಂಕ್ರೀಟನ್ನು ಹೆಬ್ಬೆರಳಿನಷ್ಟು ಮೇಲೆತ್ತಿದರೂ ಸಾಕು, ಗೇಟು ಏರು ಹತ್ತಬೇಕಾಗುತ್ತದೆ. ಮೋಟರು ಯಾರೋ ಅಡ್ಡ ಬಂದರೆಂದು ತಿಳಿದು ಹಿಂದೆ ಸರಿಯುತ್ತದೆ. ಆ ತಿಂಗಳು ದಿನಕ್ಕೆ ನಾಲ್ಕೈದು ಕಡೆಯಿಂದ ಇದೇ ದೂರು. ಇದಕ್ಕೆ ಸರಿಯಾದ ಮದ್ದೆಂದರೆ ನೆಲ ಒಣಗುವವರೆಗೆ ಕಾದು, ಹಳಿ ಕಿತ್ತು, ಕೆಳಗೆ ಸಣ್ಣ ಕಲ್ಲು ಬೆರೆತ ಗರಸು ತುಂಬಿ ಮತ್ತೆ ಹಾಕುವುದು. ತಾತ್ಕಾಲಿಕ ಮದ್ದು ಆ ತಿರುಪನ್ನು ಏರಿಸುವುದು. ನಾನು ತಿರುಪು ಏರಿಸುತ್ತ ಹೋದೆ.

ನನ್ನದೊಂದು ಪದ್ಧತಿ ಇದೆ. ಬೋರ್ಡಿನ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಿಂದ ತಾರೀಖು ಹಾಕಿ, ಮಾಡಿದ ಕೆಲಸ ಬರೆಯುತ್ತೇನೆ. ಮುಂದೆ ಯಾರು ಬಂದು ತೆರೆದರೂ ಆ ಯಂತ್ರದ ಜಾತಕ ಅಲ್ಲಿಯೇ ಸಿಗಬೇಕು. ತಿರುಪು ಏರಿಸಿದ ಕಡೆಯೆಲ್ಲ ‘ನೆಲ ಒಣಗಿದ ಮೇಲೆ ಇಳಿಸಬೇಕು’ ಎಂದು ಬರೆದಿದ್ದೆ. ಆ ಮುಚ್ಚಳಗಳಲ್ಲಿ ನಾನು ಸುಳ್ಳು ಬರೆದದ್ದು ಒಂದೇ ಸಲ.

ಮುರಗೋಡ ರಸ್ತೆಗೆ ಹೊಸದಾಗಿ ಕಟ್ಟಿದ ಮನೆ ಅದು. ಯಜಮಾನರು ಬೀಜ ಗೊಬ್ಬರದ ವ್ಯಾಪಾರಿ, ಎಲ್ಲರೂ ಸಾವುಕಾರ್ರ ಎನ್ನುತ್ತಿದ್ದರು. ಗೇಟು ಮಾಡಿಸುವಾಗ ಚಚಡಿಯ ಹಳೆಯ ವಾಡೆಯ ದೊಡ್ಡ ಬಾಗಿಲು ನೋಡಿ ಬಂದು, ಅಂಥದ್ದೇ ಆಗಬೇಕು, ಆದರೆ ಗುಂಡಿ ಒತ್ತಿದರೆ ತೆರೆಯಬೇಕು ಎಂದಿದ್ದರು. ಹದಿನೆಂಟು ಅಡಿಯ ಗೇಟು, ದಪ್ಪ ತಗಡು, ಮೇಲೆ ಹಿತ್ತಾಳೆಯ ಗುಬ್ಬಿಮೊಳೆ. ಮೈ ಕೊಟ್ಟು ದೂಡಿದರೆ ಮಾತ್ರ ಅಲುಗುವಷ್ಟು ಭಾರ. ನಾನು ಕೂರಿಸಿದ್ದರಲ್ಲಿ ಅದೇ ದೊಡ್ಡದು. ದಾರಿಯಲ್ಲಿ ಹೋಗುವಾಗ ಗಾಡಿಯ ವೇಗ ಇಳಿಸಿ ಅದನ್ನು ನೋಡಿಯೇ ಮುಂದೆ ಹೋಗುತ್ತಿದ್ದೆ.

ಆ ಮನೆಯಲ್ಲಿ ಸಾವುಕಾರರ ತಾಯಿ ಇದ್ದರು, ಎಂಬತ್ತು ದಾಟಿದ ಜೀವ. ಎಲ್ಲರಿಗೂ ಅವರು ಆಯಿ. ನಾಲ್ಕು ಕಾಲಿನ ಕಬ್ಬಿಣದ ವಾಕರ್ ಹಿಡಿದು ದಿನಾ ಸಂಜೆ ಐದಕ್ಕೆ ಗೇಟು ದಾಟಿ, ಎದುರಿನ ಬೇವಿನ ಕಟ್ಟೆಗೆ ತಮ್ಮ ಗೆಳತಿಯರ ಜೊತೆ ಕೂರಲು ಹೋಗುತ್ತಿದ್ದರು. ಗೇಟಿನಲ್ಲಿ ವಾಚಮನ್ ಇದ್ದರು. ಐವತ್ತರ ಆಸುಪಾಸಿನವರು, ದೇಗಾಂವ ಕಡೆಯವರು. ಆಗ ಅವರನ್ನು ನೀನು ಎಂದೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಕೈ ಹಾಗೆ ಬರೆಯಲು ಒಪ್ಪುತ್ತಿಲ್ಲ.

ಆಯಿಗೆ ಅರ್ಧ ನಿಮಿಷದಲ್ಲಿ ಗೇಟು ದಾಟಲು ಆಗುತ್ತಿರಲಿಲ್ಲ. ವಾಚಮನ್ನರು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಆಯಿ ಹೊರಟರೆಂದರೆ ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬಲಗೈಯ ಅಂಗೈಯನ್ನು ಕಣ್ಣಿನ ಮುಂದೆ ಹಿಡಿಯುವುದು. ಬೆಳಕು ಕಡಿದಿರುವವರೆಗೆ ಗೇಟು ಮುಚ್ಚುವುದಿಲ್ಲ. ಆಯಿ ಆಚೆ ಮುಟ್ಟಿದ ಮೇಲೆ ಕೈ ತೆಗೆಯುವುದು. ನಾನು ಕಲಿಸಿದ್ದಲ್ಲ, ನೋಡಿ ಕಲಿತದ್ದು. ‘ಕೈ ತೋರಿಸಿದ್ರ ಎತ್ತ ನಿಂತಾಂಗ ನಿಂದ್ರತೈತ್ರಿ ಮಿಸ್ತ್ರಿಯಾರ, ನೀವು ಬಾಳ ಸಾಧು ಮಾಡೀರಿ ಇದನ್ನ’ ಎಂದು ಒಮ್ಮೆ ನಕ್ಕಿದ್ದರು. ಆ ಮಾತು ನನಗೆ ಹಿಡಿಸಿತ್ತು.

ನಮ್ಮ ಕಡೆ ಖಂಡೇನವಮಿಯ ದಿನ ಮನೆಯ ಕಬ್ಬಿಣಕ್ಕೆಲ್ಲ ಪೂಜೆ. ನಾನು ನೋಡಿಕೊಳ್ಳುವ ಮೋಟರುಗಳಿಗೆ ಮೊದಲ ವಿಭೂತಿ ನನ್ನ ಕೈಯಿಂದಲೇ ಆಗಬೇಕೆಂದು ನಾಲ್ಕಾರು ಮನೆಗಳವರು ಕರೆಯುತ್ತಾರೆ. ಆ ಮುಂಜಾನೆ ಸಾವುಕಾರರ ಮನೆಗೂ ಹೋದೆ. ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೋಟರಿಗೆ ಮೂರು ಬೆರಳು ಎಳೆದೆ, ಕುಂಕುಮ ಇಟ್ಟೆ, ಚೆಂಡುಹೂವಿನ ಮಾಲೆ ಹಾಕಿದೆ. ‘ಕಣ್ಣಿಗೂ ಹಚ್ಚರಿ, ಎಲ್ಲಾ ನೋಡೂದು ಅದ ಅಲ್ಲೇನ್ರಿ’ ಎಂದರು ಸಾವುಕಾರರು. ಎರಡೂ ಕಣ್ಣುಗಳಿಗೆ ದಪ್ಪಗೆ ಎಳೆದೆ. ಬೆಂಕಿಪೊಟ್ಟಣದಷ್ಟು ಜಾಗ, ಮೂರು ಬೆರಳಿಗೆ ಪೂರಾ ಮುಚ್ಚಿತು. ರಿಮೋಟ್ ಒತ್ತಿ ನೋಡಿದೆವು. ಗೇಟು ತೆರೆಯಿತು, ಮುಚ್ಚಿತು. ಹೋಳಿಗೆ ಉಂಡು ಮನೆಗೆ ಬಂದೆ.

ಮಧ್ಯಾಹ್ನ ವಾಚಮನ್ನರ ಫೋನು: ಗೇಟು ತೆರೆದದ್ದು ಮುಚ್ಚುತ್ತಿಲ್ಲ. ನನ್ನ ಫೋನಿನಲ್ಲಿ ಅವರ ನಂಬರಿನ ಮುಂದೆ ‘ಮುರಗೋಡ ರೋಡ್ ವಾಚಮನ್’ ಎಂದು ಬರೆದುಕೊಂಡಿದ್ದೆ. ಹಬ್ಬ ಮುಗಿಯಲಿ, ಬರುತ್ತೇನೆ ಎಂದೆ. ಮರುದಿನ ದಸಮಿ. ಅಂದು ಅವರೂ ರಜೆ ಹಾಕಿ, ಬಿಳಿ ಅಂಗಿ ತೊಟ್ಟು ಊರಿಗೆ ಹೋಗಿದ್ದರಂತೆ. ಅವರದು ಬುದ್ಧನಿಗೆ ನಡೆದುಕೊಳ್ಳುವ ಮನೆತನ, ಆ ದಿನ ಅವರಿಗೆ ದೀಕ್ಷೆಯ ಹಬ್ಬ.

ಏಕಾದಶಿಯ ದಿನ ಏಳು ಗಂಟೆಗೇ ಹೋದೆ. ಗೇಟು ಸರಿಯಾಗಿತ್ತು. ಐದು ಸಲ ತೆರೆದು ಮುಚ್ಚಿದೆ, ಒಂದು ಸಲವೂ ತಪ್ಪಲಿಲ್ಲ. ಕಿತ್ತೂರಿನಲ್ಲಿ ಇರುವೆ ಗೂಡು ಕಟ್ಟಿದ ಒಂದು ಬೋರ್ಡು ಕಾಯುತ್ತಿತ್ತು, ಅಲ್ಲಿಗೆ ಹೋದೆ. ಹನ್ನೊಂದಕ್ಕೆ ಮತ್ತೆ ಫೋನು. ಎರಡು ಗಂಟೆಗೆ ತಿರುಗಿ ಬಂದು ನೋಡಿದರೆ ಕಣ್ಣಿಗೆ ಏನೋ ಅಡ್ಡ ಇದೆ ಎಂದು ಬೋರ್ಡಿನ ದೀಪ ತೋರಿಸುತ್ತಿತ್ತು. ಎದುರು ಯಾರೂ ಇಲ್ಲ. ಬಿಸಿಲು ನೇರವಾಗಿ ಕಣ್ಣಿಗೆ ಬಿದ್ದರೆ ಹಾಗಾಗುವುದುಂಟು. ಪಿವಿಸಿ ಪೈಪಿನ ತುಂಡು ಕೊಯ್ದು ನೆರಳಿಗೆಂದು ಟೊಪ್ಪಿಗೆ ಮಾಡಿ ಹಾಕಿದೆ. ಉಪಯೋಗವಾಗಲಿಲ್ಲ. ಹಾಗಾದರೆ ಎರೆಮಣ್ಣು ಕಂಬವನ್ನು ಓರೆ ಮಾಡಿರಬೇಕು, ಎರಡು ಕಣ್ಣುಗಳ ನೇರ ತಪ್ಪಿರಬೇಕು ಎಂದುಕೊಂಡೆ. ಆ ತಿಂಗಳು ಅಂಥವು ಮೂರು ನೋಡಿದ್ದೆ. ದಾರ ಕಟ್ಟಿ ನೇರ ಹಿಡಿದು ಎರಡನ್ನೂ ಬಿಚ್ಚಿ ಕೂರಿಸಿದೆ. ಅಷ್ಟರಲ್ಲಿ ಸಂಜೆಯಾಯಿತು.

ಮರುದಿನ ಏಳಕ್ಕೆ ಹೋದರೆ ಗೇಟು ಮತ್ತೆ ಸರಿ. ನನ್ನ ಲೆಕ್ಕ ಕೂಡಿತೆಂದು ಖುಷಿಯಾಗಿ ರಾಮದುರ್ಗದ ದಾರಿ ಹಿಡಿದೆ. ಮುನವಳ್ಳಿ ದಾಟುವಷ್ಟರಲ್ಲಿ ಮತ್ತೆ ಅದೇ ಫೋನು.

ಈ ಎರಡು ದಿನ ಎರಡೂ ಕಣ್ಣುಗಳ ಮುಂದೆ ಕೂತು ಕೆಲಸ ಮಾಡಿದ್ದೇನೆ. ಒಣಗಿ ಸುಣ್ಣದಂತೆ ಬೆಳ್ಳಗೆ ಕೂತ ವಿಭೂತಿ ನನ್ನ ಮೂಗಿನ ಮುಂದೆಯೇ ಇತ್ತು. ಅದನ್ನು ಕೊಳೆಯೆಂದು ನೋಡಲು ನನಗೆ ತಿಳಿಯಲಿಲ್ಲ. ಕೆಸರಿದ್ದರೆ ಮೊದಲು ಅದನ್ನೇ ಒರೆಸುತ್ತಿದ್ದೆ. ನಾನೇ ಹಚ್ಚಿದ ದೇವರ ಗುರುತು ಅದು, ಅದರಿಂದ ಯಂತ್ರ ಕೆಡಬಹುದೆಂಬ ಯೋಚನೆಯೇ ಬರಲಿಲ್ಲ.

ಆ ದಿನ ಮಧ್ಯಾಹ್ನ ಸಾವುಕಾರರ ಮನೆಯಲ್ಲಿ ಗಡಿಬಿಡಿ. ಮರುದಿನ ಅವರ ಬಸುರಿ ಮಗಳ ಕುಬಸದ ಶಾಸ್ತ್ರ, ನೂರಾರು ಜನ ಬರುವವರು. ಹೊಸ ಕಣ್ಣು ಬೆಳಗಾವಿಯಿಂದ ಬರಲು ಎರಡು ದಿನ ಬೇಕು. ನಾನು ಮೀಟರು ಹಿಡಿದು, ಬೆಳಕು ಹಿಡಿಯುವ ಕಣ್ಣು ಬಿಸಿಲಿಗೆ ಕಾದಾಗ ಕೈಕೊಡುತ್ತಿದೆ ಎಂದು ತೀರ್ಪು ಕೊಟ್ಟೆ. ಪಕ್ಕದಲ್ಲಿ ವಾಚಮನ್ನರು ನಿಂತಿದ್ದರು. ಅವರು ಮೂರು ದಿನ ಗೇಟನ್ನು ನನಗಿಂತ ಹೆಚ್ಚು ನೋಡಿದ್ದರು.

‘ಮುಂಜಾನಿ ಇಬ್ಬನಿಗೆ ಹಸೀ ಇದ್ದಾಗ ಬರೋಬ್ಬರಿ ಇರತೈತ್ರಿ. ಬಿಸಲಿಗೆ ಒಣಗಿತು ಅಂದ್ರ ಕೆಡತೈತಿ. ಅದರ ಮ್ಯಾಲಿಂದು ಒಂದೀಟ ಒರಸಿ ನೋಡೂಣೇನ್ರಿ?’

‘ವಿಭೂತಿ ಒರಸತಿಯೇನು? ಅದರದು ನಿನಗೇನ ಗೊತ್ತೈತಿ?’ ಎಂದೆ ನಾನು.

ಅಲ್ಲಿ ಚಪ್ಪರ ಹಾಕುವವರಿದ್ದರು, ಮನೆಯವರಿದ್ದರು. ನಾನು ಯಾವ ಅರ್ಥದಲ್ಲಿ ಅಂದೆನೆಂಬುದು ಎಲ್ಲರಿಗೂ ತಿಳಿಯಿತು. ಅವರಿಗೂ ತಿಳಿಯಿತು. ಹಾಗಾದರೆ ಎರಡು ದಿನ ಮೋಟರಿನ ಕೀಲಿ ಬಿಡಿಸಿ ಇಟ್ಟರೆ ತಾವೇ ಗೇಟು ದೂಡುವುದಾಗಿ, ನಿಧಾನವಾಗಿ ರಿಪೇರಿ ಮಾಡಬಹುದೆಂದು ಹೇಳಿದರು.

ಆ ಮಾತನ್ನು ಕೇಳಿದ್ದರೆ ಏನೂ ಆಗುತ್ತಿರಲಿಲ್ಲ. ಮೋಟರಿನ ಕೆಳಗೆ ಕೀಲಿ ಹಾಕಿ ತಿರುಗಿಸಿದರೆ ಹಲ್ಲುಗಾಲಿ ಬಿಡುತ್ತದೆ, ಗೇಟನ್ನು ಕೈಯಿಂದ ಸರಿಸಬಹುದು. ಆದರೆ ಬರುವವರು ನಾಲ್ಕು ತಾಲೂಕಿನ ದೊಡ್ಡ ಮನೆಗಳವರು. ನಾನು ಮಾಡಿದ ಗೇಟನ್ನು ಅವರೆದುರು ಒಬ್ಬರು ಎತ್ತಿನಂತೆ ದೂಡುವುದೆಂದರೆ ನನಗೆ ಸಹಿಸಲಾಗಲಿಲ್ಲ. ಬೆರಳುದ್ದದ ಕೆಂಪು ವೈರಿನ ತುಂಡು ತೆಗೆದುಕೊಂಡು, ಬೋರ್ಡಿನಲ್ಲಿ ಕಣ್ಣಿನ ಎರಡು ತಿರುಪುಗಳಿಗೆ ಅಡ್ಡ ಕೊಟ್ಟೆ. ಅದನ್ನು ಕೊಟ್ಟ ಮೇಲೆ ಬೋರ್ಡಿಗೆ ಕಣ್ಣಿನ ಹಂಗೇ ಇಲ್ಲ. ಎದುರು ಆನೆ ನಿಂತಿದ್ದರೂ ದಾರಿ ಖಾಲಿ ಎಂದೇ ಅದು ತಿಳಿಯುತ್ತದೆ. ಗೇಟು ಚೆಂದಾಗಿ ಮುಚ್ಚಿತು. ಆತೇನ್ರಿ ಎಂದು ಸಾವುಕಾರರು ಕೇಳಿದರು, ಆತ್ರಿ ಎಂದೆ. ವೈರಿನ ವಿಷಯ ಯಾರಿಗೂ ಹೇಳಲಿಲ್ಲ. ಮುಚ್ಚಳದಲ್ಲಿಯೂ ಬರೆಯಲಿಲ್ಲ. ಮಳೆಗಾಲದಲ್ಲಿ ಏರಿಸಿದ ಜೋರಿನ ತಿರುಪು ಅಲ್ಲಿಯೂ ಏರಿದಂತೆಯೇ ಇತ್ತು. ಇಳಿಸಬೇಕೆಂದು ನಾನೇ ಬರೆದ ಸಾಲು ಎದುರಿಗೇ ಇತ್ತು. ಓದಿದೆ, ಮುಚ್ಚಳ ಹಾಕಿದೆ.

ಕುಬಸದ ದಿನ ಗೇಟು ತೆರೆದು ಮೇನ್ ಆಫ್ ಮಾಡಿ, ಸಂಜೆಯವರೆಗೆ ಹಾಗೆಯೇ ಬಿಟ್ಟಿದ್ದರು. ಜನ ಹೋದ ಮೇಲೆ ಸಾವುಕಾರರು ಮೇನ್ ಹಾಕಿ ರಿಮೋಟ್ ಒತ್ತಿದ್ದಾರೆ, ಅದು ಮುಚ್ಚಿದೆ. ಅದಕ್ಕೂ ಸ್ವಲ್ಪ ಮೊದಲು, ಆಯಿ ಹೊರಗೆ ಹೋಗುವ ಹೊತ್ತಾಯಿತೆಂದು ವಾಚಮನ್ನರು ಒದ್ದೆ ಬಟ್ಟೆಯಿಂದ ಎರಡೂ ಕಣ್ಣುಗಳನ್ನು ಒರೆಸಿದ್ದರು. ಕೆಟ್ಟದ್ದೆಂದರೆ ಮುಚ್ಚದಿರುವುದು. ಈಗ ಮುಚ್ಚಿತೆಂದ ಮೇಲೆ ಕಣ್ಣು ಸರಿಯಾಯಿತೆಂದು ಅವರು ತಿಳಿದರು. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಐದಕ್ಕೆ ಆಯಿ ಹೊರಟರು. ಗೇಟು ತೆರೆಯಿತು. ವಾಚಮನ್ನರು ಎಂದಿನಂತೆ ಕಂಬದ ಬುಡದಲ್ಲಿ ಕೂತು ಅಂಗೈ ಹಿಡಿದರು. ಅರ್ಧ ನಿಮಿಷವಾದ ಮೇಲೆ ಗೇಟು ಹೊರಟಿತು. ಅವರು ಕೈಯನ್ನು ಇನ್ನೂ ಒತ್ತಿ ಹಿಡಿದರು, ಅದು ನಿಲ್ಲಲಿಲ್ಲ. ಆಯಿಯ ವಾಕರಿನ ಒಂದು ಕಾಲು ಹಳಿಯ ಸಂದಿನಲ್ಲಿ ಸಿಕ್ಕಿತ್ತು. ಅವರು ಎದ್ದು ಎಡಗೈಯಿಂದ ಆಯಿಯನ್ನು ಸೆಳೆದುಕೊಂಡು, ಬಲಗೈಯಿಂದ ಗೇಟನ್ನು ತಡೆಯಲು ಹೋಗಿದ್ದಾರೆ. ಗೇಟು ವಾಕರನ್ನು ಚಪ್ಪಟೆ ಮಾಡಿ, ಕೈಯನ್ನು ಕಂಬಕ್ಕೆ ಒತ್ತಿತು. ಭಾರಕ್ಕೆ ಹಿಂದೆ ಸರಿಯಬೇಕಾಗಿತ್ತು, ಸರಿಯಲಿಲ್ಲ. ಒಳಗಿಂದ ಓಡಿ ಬಂದ ಸಾವುಕಾರರು ರಿಮೋಟ್ ಒತ್ತಿದಾಗ ಅಡಿಯಷ್ಟು ಬಿಟ್ಟಿತು, ಕೈ ಹೊರಬಂತು. ಅಷ್ಟರಲ್ಲಿ ಯಾರೋ ಮೇನ್ ಆಫ್ ಮಾಡಿದರು. ಮತ್ತೆ ಹಾಕಲು ಎಲ್ಲರಿಗೂ ಅಂಜಿಕೆ. ಮೋಟರ್ ಬಿಡಿಸಲು ಮನೆಯಲ್ಲಿ ಇಟ್ಟಿದ್ದ ಕೀಲಿ ಕುಬಸದ ಗದ್ದಲದಲ್ಲಿ ಎಲ್ಲಿ ಹೋಗಿತ್ತೋ ಸಿಗಲಿಲ್ಲ. ಕಾರುಗಳೆಲ್ಲ ಒಳಗೆ. ನನಗೆ ಫೋನು ಮಾಡಿದರು.

ಹತ್ತು ನಿಮಿಷದಲ್ಲಿ ಮುಟ್ಟಿ, ಆ ಸಂದಿನಿಂದ ಒಳಗೆ ಹೋದೆ. ವಾಚಮನ್ನರು ಗೇಟಿನ ಒಳಗೆ, ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಕೈಗೆ ಸುತ್ತಿದ ಟವೆಲು ಪೂರಾ ಕೆಂಪಾಗಿತ್ತು. ಆಯಿ ಪಕ್ಕದ ಕುರ್ಚಿಯ ಮೇಲೆ ಇದ್ದರು. ಕಾರು ಚಾಲೂ ಮಾಡಿಕೊಂಡು ಡ್ರೈವರ್ ಕಾಯುತ್ತಿದ್ದ.

ಇಲ್ಲಿ ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಕೀಲಿ ನನ್ನ ಸೊಂಟದ ಗೊಂಚಲಿನಲ್ಲಿಯೇ ಇತ್ತು. ಅದನ್ನು ಹಾಕಿ ತಿರುಗಿಸಲು ಐದು ಸೆಕೆಂಡು ಸಾಕು. ನಾನು ಮೊದಲು ಅದನ್ನು ಮಾಡಲಿಲ್ಲ. ಸ್ಕ್ರೂಡ್ರೈವರ್ ತೆಗೆದು ಮುಚ್ಚಳದ ನಾಲ್ಕು ತಿರುಪು ಬಿಚ್ಚಿದೆ. ಕೆಂಪು ವೈರನ್ನು ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಂಡೆ. ಜೋರಿನ ತಿರುಪನ್ನು ಇಳಿಸಿದೆ. ಆಮೇಲೆ ಕೀಲಿ ಹಾಕಿದೆ. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಸುತ್ತಲಿನವರು ಅದನ್ನೂ ಬಿಡಿಸುವ ಕೆಲಸವೆಂದೇ ತಿಳಿದರು. ಎರಡು ಮೊಳ ದೂರದಲ್ಲಿ ಕೂತ ಒಬ್ಬರು ಮಾತ್ರ ನನ್ನ ಕೈ ಬೋರ್ಡಿನಿಂದ ಕಿಸೆಗೆ ಹೋದದ್ದನ್ನು ನೋಡಿದರು. ನೋವಿನಲ್ಲಿದ್ದರೂ ಅವರ ಕಣ್ಣು ನನ್ನ ಕಿಸೆಯ ಮೇಲೆಯೇ ಇತ್ತು.

ಅವರನ್ನು ಕಾರಿಗೆ ಹತ್ತಿಸುವಾಗ ಸಾವುಕಾರರು, ಯಾಕೆ ಹೀಗಾಯಿತೆಂದು ನನ್ನನ್ನು ಕೇಳಿದರು. ನಾನು ಕಂಬದ ಹತ್ತಿರ ಬಗ್ಗಿ ನೋಡಿದಂತೆ ಮಾಡಿ, ‘ಕಣ್ಣ ಯಾರ ಒರಸ್ಯಾರ ಇದನ್ನ?’ ಎಂದೆ.

‘ನಾನ ಒರಸೇನ್ರಿ’ ಎಂದರು ಅವರು, ಕಾರಿನ ಬಾಗಿಲು ಹಿಡಿದು.

‘ಅದಕ್ಕ ನೋಡ್ರಿ. ನೀರ ಒಳಗ ಇಳದೈತಿ, ಕಣ್ಣ ಸತ್ತೈತಿ.’

ಹಿಂದಿನಿಂದ ಯಾರೋ, ನವಮಿಯ ವಿಭೂತಿ ಒರೆಸಿದ ಮೇಲೆ ಇನ್ನೇನಾಗುತ್ತದೆ, ಅವರಿಗೆ ದೇವರ ಅಂಜಿಕೆ ಎಲ್ಲಿಯದು ಎಂದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಬಹುದಾಗಿದ್ದವನು ಅಲ್ಲಿ ನಾನೊಬ್ಬನೇ. ಮುಚ್ಚಳದ ಒಳಗೆ ಮಾರ್ಕರಿನಿಂದ ಬರೆದೆ: ‘ವಾಚಮನ್ ಕಣ್ಣಿಗೆ ನೀರು ಹಾಕಿ ಒರೆಸಿದ್ದರಿಂದ ಕೆಟ್ಟಿದೆ.’

ಅವರ ಬಲಗೈಯ ಕೊನೆಯ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ದವಾಖಾನೆಯ ಖರ್ಚನ್ನು ಸಾವುಕಾರರು ನೋಡಿದರು, ಆದರೆ ಕೆಲಸಕ್ಕೆ ಮತ್ತೆ ಕರೆಯಲಿಲ್ಲ. ನಿಷ್ಕಾಳಜಿ ಮನುಷ್ಯ ಎಂಬ ಹೆಸರು ಮುರಗೋಡದವರೆಗೆ ಅವರಿಗಿಂತ ಮೊದಲೇ ಹೋಗಿತ್ತು. ಕೆಲಸ ಕೇಳಿಕೊಂಡು ಹೋದ ಎರಡು ಕಡೆ ಗೇಟಿನಲ್ಲಿಯೇ ತಿರುಗಿಸಿ ಕಳಿಸಿದರೆಂದು ಆಮೇಲೆ ಕೇಳಿದೆ.

ಬೆಳಗಾವಿಯಿಂದ ಹೊಸ ಕಣ್ಣು ಬಂತು, ಹಾಕಿದೆ. ಸತ್ತಿದೆ ಎಂದು ಹೇಳಿದ ಹಳೆಯದನ್ನು ಅಂಗಡಿಗೆ ತಂದು ಮೇಜಿನ ಮೇಲೆ ಜೋಡಿಸಿ ಕರೆಂಟು ಕೊಟ್ಟೆ. ಒಳಗೆ ಹನಿ ನೀರಿಲ್ಲ, ಎಲ್ಲ ಸರಿ. ಕೈ ಅಡ್ಡ ಹಿಡಿದರೆ ದೀಪ ಹತ್ತುತ್ತದೆ, ತೆಗೆದರೆ ಆರುತ್ತದೆ. ಆಗ ಅವರ ಮಾತು ನೆನಪಾಯಿತು. ವಿಭೂತಿ ತೇಯ್ದು ಎರಡಕ್ಕೂ ದಪ್ಪಗೆ ಎಳೆದೆ. ಹಸಿ ಇದ್ದಾಗ ಬೆಳಕು ದಾಟಿತು. ಫ್ಯಾನಿನ ಕೆಳಗೆ ಕಾಲು ಗಂಟೆ ಇಟ್ಟೆ. ಒಣಗಿ ಬೆಳ್ಳಗಾಯಿತು, ದೀಪ ಹತ್ತಿತು, ಆರಲಿಲ್ಲ. ಬೆರಳಿನಿಂದ ನೀರು ಚಿಮುಕಿಸಿದೆ, ಆರಿತು. ನಾಲ್ಕು ಸಲ ಮಾಡಿದೆ. ಮೀಟರು ಹಿಡಿದು ಎರಡು ದಿನದಲ್ಲಿ ನನಗೆ ಸಿಗದದ್ದನ್ನು ಅವರು ಇಬ್ಬನಿ ನೋಡಿ ಹಿಡಿದಿದ್ದರು.

ಆ ಚಳಿಗಾಲ ನಾನು ಕೆಲಸ ಮಾಡಿದ ರೀತಿಯನ್ನು ಹೇಳಲು ನನಗೆ ಸಂಕೋಚವಿಲ್ಲ. ತಿರುಪು ಏರಿಸಿದ ಒಂದೊಂದು ಗೇಟಿಗೂ ತಿರುಗಿ ಹೋದೆ. ಸವದತ್ತಿಯಲ್ಲಿ, ರಾಮದುರ್ಗದಲ್ಲಿ, ಬೈಲಹೊಂಗಲದ ಸುತ್ತ ಹಳಿ ಕಿತ್ತು ಗರಸು ಹೊಡೆಸಿದೆ. ಎಲ್ಲ ತಿರುಪುಗಳನ್ನೂ ಇಳಿಸಿದೆ. ಈಗ ನಾನು ನೋಡಿದ ಗೇಟು ಯಾವುದಿದ್ದರೂ ಒಂದು ಹುಲ್ಲಿನ ಸಿವುಡು ಅಡ್ಡ ಸಿಕ್ಕರೆ ಹಿಂದೆ ಸರಿಯುತ್ತದೆ. ಹೊರಡುವ ಮೊದಲು ಮನೆಯವರ ಕೈಯಿಂದಲೇ ಕಣ್ಣಿಗೆ ಬುಟ್ಟಿ ಅಡ್ಡ ಇಡಿಸಿ ತೋರಿಸುತ್ತೇನೆ. ನವಮಿಗೆ ಮೋಟರಿನ ಮೈಗೆ ವಿಭೂತಿ ಹಚ್ಚುತ್ತೇನೆ, ಕಣ್ಣಿಗೆ ಹಚ್ಚಲು ಬಿಡುವುದಿಲ್ಲ. ತುಂಡು ವೈರನ್ನು ಅಂದಿನಿಂದ ಯಾವ ಬೋರ್ಡಿಗೂ ಕೊಟ್ಟಿಲ್ಲ. ಗೇಟುಗಳೆಲ್ಲ ಸರಿಯಾದವು. ಅಷ್ಟಕ್ಕೆ ನಾನೂ ಸರಿಯಾದೆನೆಂದು ಒಂದು ವರ್ಷ ನಂಬಿಕೊಂಡಿದ್ದೆ.

ಮರುವರ್ಷದ ನವಮಿಗೆ ಸಾವುಕಾರರ ಮನೆಗೆ ಹೋದಾಗ, ಪೂಜೆಗೆ ಮೊದಲೇ ಕೂತು ಎಲ್ಲವನ್ನೂ ಹೇಳಿದೆ. ವೈರು, ತಿರುಪು, ಕೀಲಿಗಿಂತ ಮೊದಲು ಮುಚ್ಚಳ ಬಿಚ್ಚಿದ್ದು, ಯಾವುದನ್ನೂ ಬಿಡಲಿಲ್ಲ. ಸಾವುಕಾರರು, ಆದದ್ದು ಆಗಿ ಹೋಯಿತು, ಹಬ್ಬದ ದಿನ ಯಾಕೆ ಕೆದಕುತ್ತೀರಿ ಎಂದು ಎದ್ದು ಒಳಗೆ ಹೋದರು. ಆಯಿ ಕೂತೇ ಇದ್ದರು.

‘ಕಣ್ಣ ಒರಸು ಅಂತ ಅಂವಗ ಹೇಳದಾಕಿ ನಾನ’ ಎಂದರು. ‘ಒರಸಲ್ಯಾ ಅಂತ ನನ್ನ ಕೇಳಿದ್ದ. ಒರಸೋ, ದೇವರೇನ ಸಿಟ್ಟಾಗಂಗಿಲ್ಲ ಅಂದೆ. ನಾ ಹೇಳಿದ್ನೆಲ್ಲಾ ಮಂದಿ ಮುದಕಿ ಮಾತು ಅಂತ ಬಿಟ್ರು. ಈಗ ನೀ ಬಂದು ಹೇಳಾಕತ್ತಿ. ಅಂವಗ ಹೇಳೀಯೇನು?’

ಇಲ್ಲ ಎಂದೆ.

‘ಮತ್ತ ನಮಗ್ಯಾಕ ಹೇಳತಿ ತಮ್ಮಾ? ನಮ್ಮ ಬೆರಳ ಎಲ್ಲಾ ಅದಾವು.’ ಮತ್ತೆ ಕೇಳಿದರು, ‘ಅವನ ಹೆಸರರ ಗೊತ್ತೈತೇನು ನಿನಗ?’

ಗೊತ್ತಿರಲಿಲ್ಲ. ಮೂರು ವರ್ಷ ಆ ಗೇಟಿನಲ್ಲಿ ಅವರ ಕೈಯಿಂದ ಚಹಾ ಕುಡಿದಿದ್ದೇನೆ, ಪಾನಾ ಹಿಡಿಸಿಕೊಂಡಿದ್ದೇನೆ. ಹೆಸರು ಕೇಳಿರಲಿಲ್ಲ.

ಫೋನಿನಲ್ಲಿದ್ದ ನಂಬರು ಹತ್ತಲಿಲ್ಲ. ದಸಮಿ ಕಳೆದು ಎರಡು ವಾರಕ್ಕೆ ದೇಗಾಂವಕ್ಕೆ ಹೋದೆ. ಬಸ್ಸಿಳಿದು, ಕಮಲನಾರಾಯಣ ಗುಡಿಯ ಮುಂದೆ ನಿಂತು, ಯಾರನ್ನು ಎಂದು ಕೇಳುವುದೆಂದು ತಿಳಿಯದೆ ಹೋಯಿತು. ಹೆಸರಿಲ್ಲದ ಮನುಷ್ಯನನ್ನು ಊರಿನಲ್ಲಿ ಹೇಗೆ ಹುಡುಕುವುದು? ಕೊನೆಗೆ ಸೊಪ್ಪು ಮಾರುವ ಹೆಣ್ಣುಮಗಳೊಬ್ಬಳನ್ನು, ‘ಬಲಗೈಯಾಗ ಎರಡ ಬೆರಳಿಲ್ಲವಾ, ಅವರ ಮನಿ ಯಾವದವ್ವಾ?’ ಎಂದು ಕೇಳಿದೆ. ಅವರ ಗುರುತೆಂದು ನನಗೆ ಹೇಳಲು ಇದ್ದದ್ದು ನಾನು ಕಳೆದದ್ದೇ. ಆಕೆ, ಅವರು ಈಗ ಕಿತ್ತೂರಿನ ಸಾಲಿಯೊಂದರ ಮಕ್ಕಳ ಬಸ್ಸಿನ ಮೇಲೆ ಕೆಲಸಕ್ಕೆ ಇದ್ದಾರೆ, ನಾಲ್ಕಕ್ಕೆ ಸಾಲಿ ಬಿಡುತ್ತದೆ ಎಂದಳು.

ನಾಲ್ಕಕ್ಕೆ ಕಿತ್ತೂರಿನಲ್ಲಿ ಸಾಲಿಯ ಎದುರು ನಿಂತಿದ್ದೆ. ಹಳದಿ ಬಸ್ಸು ಬಂತು. ಮೊದಲು ಅವರು ಇಳಿದರು. ರಸ್ತೆಯ ನಡುವೆ ಹೋಗಿ ಬಲಗೈ ಎತ್ತಿ ಹಿಡಿದರು. ಹೆಬ್ಬೆರಳು, ಮತ್ತೆರಡು ಬೆರಳು. ಕಬ್ಬಿನ ಟ್ರ್ಯಾಕ್ಟರ್ ನಿಂತಿತು, ಕಾರುಗಳು ನಿಂತವು. ಕೊನೆಯ ಮಗು ರಸ್ತೆ ದಾಟಿ ಬಸ್ಸು ಹತ್ತುವವರೆಗೆ ಆ ಕೈ ಇಳಿಯಲಿಲ್ಲ. ಆಮೇಲೆ ತಿರುಗಿದಾಗ ನನ್ನನ್ನು ನೋಡಿದರು. ಗುರುತು ಹತ್ತಿತು.

‘ಮಿಸ್ತ್ರಿಯಾರು ಈ ಕಡೆ? ಆಯಿ ಅರಾಮ ಅದಾರಿಲ್ರಿ?’

‘ಅರಾಮ ಅದಾರ್ರಿ.’

‘ಗೇಟ?’

‘ಹಳಿ ಹೊಸಾದು ಹಾಕೇನ್ರಿ. ಜೋರು ಇಳಿಸೇನಿ. ಈಗ ಕೈ ಹಿಡದ್ರ ನಿಂದ್ರತೈತಿ.’

ಬಾಯಲ್ಲಿ ಬಂದದ್ದು ಇಷ್ಟೇ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಹೊರಬರಲಿಲ್ಲ. ಕೊನೆಗೆ ಹೆಸರು ಕೇಳಿದೆ. ಅವರು ನಕ್ಕರು. ವ್ಯಂಗ್ಯದ ನಗುವಲ್ಲ ಅದು.

‘ಮೂರ ವರ್ಷ ವಾಚಮನ್ ಅಂತ ಕರದ್ರಿ. ಈಗ ಹೆಸರ ಕೇಳಾಕ ಇಷ್ಟ ದೂರ ಬಂದ್ರೇನ್ರಿ?’ ಎಂದು, ಹೆಸರು ಹೇಳಿದರು. ತಂದೆಯ ಹೆಸರನ್ನೂ ಹೇಳಿದರು. ಡ್ರೈವರ್ ಹಾರ್ನ್ ಒತ್ತಿದ. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ, ಮೆಲ್ಲಗೆ ಕೇಳಿದರು:

‘ಆ ಕೆಂಪ ವಾಯರು, ಇನ್ನೂ ಐತೇನ್ರಿ ನಿಮ್ಮ ಹಂತ್ಯಾಕ?’

‘ಐತ್ರಿ.’

‘ಇರಲಿ, ಇಟಗೋರಿ’ ಎಂದರು. ಬಸ್ಸು ಹೋಯಿತು.

ತಪ್ಪಾಯಿತು ಎಂಬ ಒಂದು ಮಾತಿಗೆ ಕೀಲಿ ತಿರುಗಿಸುವಷ್ಟೂ ಹೊತ್ತು ಬೇಕಾಗಿರಲಿಲ್ಲ. ಆ ದಿನವೂ ನಾನು ಮೊದಲು ಬೇರೆಯದನ್ನೇ ಮಾಡಿದೆ. ಆಮೇಲೆ ಒಂದು ವರ್ಷ ಕಳೆದಿದೆ. ಕಿತ್ತೂರಿಗೆ ಕೆಲಸಕ್ಕೆ ಹೋದಾಗೆಲ್ಲ ನಾಲ್ಕು ಗಂಟೆಗೆ ಮೊದಲೇ ಊರು ಬಿಟ್ಟಿದ್ದೇನೆ.

ಹೋದ ವಾರ ಮುರಗೋಡ ರಸ್ತೆಯ ಗೇಟಿಗೆ ಗ್ರೀಸು ಹಾಕಲು ಹೋಗಿದ್ದೆ. ಮುಚ್ಚಳ ಬಿಚ್ಚಿ, ಅಂದು ಬರೆದ ಸಾಲನ್ನು ಓದಿದೆ. ಮಾರ್ಕರಿನ ಬಣ್ಣ ಸ್ವಲ್ಪವೂ ಮಾಸಿಲ್ಲ. ಅದರ ಮೇಲೆ ಗೀಟು ಎಳೆದು, ಹಳೆಯದೂ ಓದಲು ಸಿಗುವಂತೆ ಬಿಟ್ಟು, ಕೆಳಗೆ ಬರೆದೆ: ‘ಕಣ್ಣಿಗೆ ವಿಭೂತಿ ಹಚ್ಚಿದ್ದು, ವೈರು ಅಡ್ಡ ಕೊಟ್ಟದ್ದು, ಜೋರು ಇಳಿಸದೆ ಬಿಟ್ಟದ್ದು ಮಿಸ್ತ್ರಿ. ದೋಷ ಮೊದಲು ಕಂಡುಹಿಡಿದವರು, ಆಯಿಯನ್ನು ಉಳಿಸಿದವರು—’ ಮುಂದೆ ಅವರ ಹೆಸರು. ಆಯಿಗೆ ಓದಿ ತೋರಿಸಿದೆ. ಮುಚ್ಚಳದಾಗ ಬರದ್ರ ಮೋಟರ್ ಓದತೈತೇನೋ ಎಂದರು.

ಅದಕ್ಕೇ ಈ ಹಾಳೆಯಲ್ಲಿಯೂ ಬರೆದಿದ್ದೇನೆ. ನಾಳೆ ಇದನ್ನೂ ಆ ವೈರನ್ನೂ ತೆಗೆದುಕೊಂಡು ಕಿತ್ತೂರಿಗೆ ಹೋಗಬೇಕೆಂದಿದ್ದೇನೆ. ಹೋಗುತ್ತೇನೆಂದು ಆಣೆ ಮಾಡುವುದಿಲ್ಲ, ನನ್ನ ಆಣೆಯ ಬೆಲೆ ನನಗೆ ಗೊತ್ತಾಗಿದೆ. ಹೆಸರನ್ನಂತೂ ಬರೆಯುತ್ತೇನೆ, ಇನ್ನು ಅದನ್ನು ಯಾರೂ ಹುಡುಕಬೇಕಾಗಿಲ್ಲ.

ಪರಸಪ್ಪ. ತಂದೆಯ ಹೆಸರು ಬಾಳಪ್ಪ. ಊರು ದೇಗಾಂವ.